ಎಡಗಿವಿಗೂ ಒಂದು ಬೂಚು

ಅಳವಂಡಿ, ಚೈತ್ರ ಮಾಸ, 1944

ಚಿ. ಸೌ. ಕಸ್ತೂರೆಮ್ಮಗೆ, ಒಂದೇ ಕಿವಿಯ ಅಪ್ಪನ ತುಂಬು ಆಶೀರ್ವಾದ.

ನಿನ್ನ ಪತ್ರ ತಲುಪಿತು. ಅಳಿಯಂದಿರು ಗಂಗಾವತಿಯ ಗುರಿ ಪಂದ್ಯಕ್ಕೆ ಬಂದೂಕು ಹಿಡಿಯುತ್ತಾರೆ, ಕಿವಿಗೆ ಏನಿಟ್ಟರೆ ಹಿತ ಎಂದು ಕೇಳಿದ್ದೀಯ. ಬರೀ ಅರಳೆ ಸದ್ದು ತಡೆಯದು, ಬರೀ ಮೇಣ ಕಿವಿ ಬಿಡದು. ಅರಳೆಗೆ ಜೇನುಮೇಣ, ಚೂರು ಕೊಬ್ಬರಿ ಎಣ್ಣೆ ಸೇರಿಸಿ ನಾದಿ, ಅವರ ಕಿವಿಯ ಅಳತೆಗೇ ಮೆತ್ತನೆಯ ಬೂಚು ಮಾಡು. ಎಳೆದು ತೆಗೆಯಲು ದಾರದ ತುದಿ ಹೊರಗಿರಲಿ.

ಎರಡೂ ಕಿವಿಗೆ ಇಡಬೇಕು. ಬಂದೂಕು ಬಲಗೆನ್ನೆಗೆ ತಾಗುತ್ತದೆಂದು ನಾನು ಬಲಗಿವಿಗಷ್ಟೇ ಇಡುತ್ತಿದ್ದೆ. ನಳಿಗೆಯ ಕಡೆ ತಿರುಗಿರುತ್ತಿದ್ದ ಎಡಗಿವಿ ಹೋಯಿತು.

"ಇನ್ನೊಂದಕ್ಕೂ ಇಡ್ರಿ, ಅದೇನು ಸವತಿ ಮಗನೇನ್ರಿ?" ಎಂದು ನಿಮ್ಮವ್ವ ಬೈದಿದ್ದಳು. "ಗುಂಡಿನ ಸದ್ದು ಗಂಡಿಗೆ ಮುದ್ದು" ಎಂದು ಅವಳ ಬಾಯಿ ಮುಚ್ಚಿಸಿದೆ. ಪ್ರಾಸ ಉಳಿಯಿತು, ಕಿವಿ ಉಳಿಯಲಿಲ್ಲ.

ನಿನ್ನ ಮದುವೆಯ ಊಟದ ಹೊತ್ತಿಗೆ ಹೆಂಗಸರೆಲ್ಲ ಗಂಡನ ಹೆಸರಿಟ್ಟು ಪ್ರಾಸ ಕಟ್ಟಿ ಒಡಪು ಹೇಳೆಂದು ನಿನ್ನನ್ನು ಕಾಡಿದರು. ನೀನು ನನ್ನ ಎಡಕ್ಕಿದ್ದೆ. ಒಡಪು ಮುಗಿದು ಎಲ್ಲರೂ ನಕ್ಕರು, ನಾನೂ ನಕ್ಕೆ.

"ಹೆಂಗಿತ್ತಪ್ಪಾ? ಪ್ರಾಸ ನಿನ್ನಿಂದಲೇ ಕಲ್ತದ್ದು" ಎಂದು ನೀನು ನನ್ನ ಬಲಕ್ಕೆ ಬಂದು ಕೇಳಿದೆ.

"ಭಾಳ ಛಲೋ ಕಟ್ಟೀಯವ್ವಾ" ಎಂದೆ ನಾನು.

ಒಡಪಿನ ಒಂದು ಮಾತೂ ನನಗೆ ಕೇಳಿಸಿರಲಿಲ್ಲ.

ಅಳಿಯಂದಿರಿಗೂ ನಾಳೆ ಮಗಳು ಹುಟ್ಟಬಹುದು, ಎಡಗಿವಿಯ ಬೂಚು ಮರೆಯಬೇಡ. ಹಾಗೆಯೇ ಆ ಒಡಪನ್ನು ಬರೆದು ಕಳಿಸು. ಈ ಸಲ ತಿಳಿದು ನಗುತ್ತೇನೆ.

ನಿನ್ನ ಅಪ್ಪ,
ಮುದಿಯಪ್ಪ