ಒಂಬತ್ತನೇ ಪ್ರಶ್ನೆ

ಮನೆಯಿಂದ,
ಜುಲೈ 9, ಗುರುವಾರ

ಮುದ್ದಿನ ಪುಟ್ಟೀ,

ಹೇಗಿದ್ದೀಯಾ? ಕಣ್ಣುರಿ ಕಡಿಮೆಯಾಯಿತೇ? ದಿನವಿಡೀ ಊರವರ ಕನ್ನಡಕದ ಗಾಜು ಉಜ್ಜುವವಳಿಗೆ ಸ್ವಂತ ಕಣ್ಣು ತೋರಿಸಲು ಪುರುಸೊತ್ತಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಡಾಕ್ಟರ ಹತ್ತಿರ ಹೋಗಿ ಬಂದು ಬರೆ. ನನ್ನ ಮಂಡಿ ಇದ್ದ ಹಾಗೇ ಇದೆ. ಶಾಲೆಯ ಯೂನಿಫಾರಂ ಹೊಲಿಗೆ ಮುಗಿಯಿತು. ಈಗ ಚರ್ಚಿನ ಫಾದರ್ ಅವರ ನಿಲುವಂಗಿಗಳ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಿದ್ದೇನೆ. ಅವರು ವರ್ಷಕ್ಕೊಂದು ಇಂಚು ದಪ್ಪಗಾಗುತ್ತಾರೆ, ಬಟ್ಟೆ ಕುಗ್ಗಿತು ಎನ್ನುತ್ತಾರೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನ್ನ ಗಂಡ, ಅಂದರೆ ಕೋರ್ಟಿನ ಪ್ರಕಾರ ಮಾಜಿ, ಚರ್ಚಿನ ಪ್ರಕಾರ ಇನ್ನೂ ಹಾಲಿ, ಕಳೆದ ತಿಂಗಳು ಇಪ್ಪತ್ತನೇ ತಾರೀಖು ಶನಿವಾರ ಸಂಜೆ ಐದಕ್ಕೆ ಮನೆಗೆ ಬಂದಿದ್ದ. ನೀವು ಬೇರೆಯಾಗಿ ಐದು ವರ್ಷ, ಡೈವೋರ್ಸ್ ಆಗಿ ಎರಡು ವರ್ಷ. ಅಷ್ಟೂ ದಿನ ಈ ಬೀದಿಯ ಕಡೆ ತಲೆ ಹಾಕದವನು ಒಂದು ಡಜನ್ ಕಿತ್ತಳೆ ಹಿಡಿದು ಬಾಗಿಲಲ್ಲಿ ನಿಂತರೆ ಯಾರಿಗಾದರೂ ಏನನಿಸಬೇಕು? ಒಳಗೆ ಕರೆದೆ. ಹೊಲಿಗೆ ಮಿಷನ್ನಿನ ಮೋಟಾರು ಕಿಡಿ ಹಾರಿಸುವುದನ್ನು ನೋಡಿ ಕೂತುಬಿಟ್ಟ, ಅರ್ಧ ಗಂಟೆಯಲ್ಲಿ ಸರಿ ಮಾಡಿದ. ಲಿಫ್ಟ್ ರಿಪೇರಿಯವನಿಗೆ ಅದೇನು ಮಹಾ! ಆದರೆ ಇದೇ ಮನುಷ್ಯ ಇದ್ದ ಮನೆಯಲ್ಲಿ ನಲ್ಲಿ ಎಂಟು ತಿಂಗಳು ಸೋರಿತ್ತು ಎಂದು ನೀನೇ ಹೇಳಿದ್ದೆ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಅತ್ತೇ, ಚರ್ಚಿನಿಂದ ನಿಮಗೊಂದು ಕಾಗದ ಬರುತ್ತೆ. ಯಾರ ಮುಖಾನೂ ನೋಡಬೇಡಿ, ಇದ್ದದ್ದು ಇದ್ದ ಹಾಗೆ ಬರೀರಿ" ಅಂದ. ಮೋಟಾರು ಯಾಕೆ ರಿಪೇರಿಯಾಯಿತು ಅಂತ ನನಗೆ ಆಗ ಹೊಳೆಯಿತು.

ಕಾಗದ ಈ ಸೋಮವಾರ ಬಂತು. ಧರ್ಮಾಧ್ಯಕ್ಷರ ಕಚೇರಿಯ ನ್ಯಾಯಮಂಡಳಿಯದು. ಮೇಲೆ ನಿಮ್ಮಿಬ್ಬರ ಹೆಸರು, ಕೆಳಗೆ ಇಪ್ಪತ್ತಮೂರು ಪ್ರಶ್ನೆ. ಒಂಬತ್ತನೆಯದನ್ನು ಹಾಗೇ ಬರೆಯುತ್ತೇನೆ: ವಧು ಈ ಮದುವೆಗೆ ಸ್ವಂತ ಇಚ್ಛೆಯಿಂದ ಒಪ್ಪಿದ್ದಳೇ, ಯಾರ ಒತ್ತಾಯವಾದರೂ ಇತ್ತೇ? ನಿಲುವಂಗಿ ಕೊಡಲು ಹೋದಾಗ ಫಾದರ್ ಹತ್ತಿರ ಕೇಳಿದೆ. ಕೋರ್ಟು ಬಿಡಿಸಿದ್ದು ಸರ್ಕಾರದ ಕಾಗದವನ್ನು ಮಾತ್ರವಂತೆ. ದೇವರ ಮುಂದೆ ಹಾಕಿದ ಗಂಟು ಇಬ್ಬರಲ್ಲಿ ಒಬ್ಬರು ಸಾಯುವ ತನಕ ಬಿಚ್ಚುವುದಿಲ್ಲವಂತೆ, ಹಾಗಾಗಿ ಚರ್ಚಿನಲ್ಲಿ ಮತ್ತೊಂದು ಮದುವೆ ಇಬ್ಬರಿಗೂ ಇಲ್ಲ. ಆದರೆ ಆವತ್ತು ಒಬ್ಬರು ಬಲವಂತಕ್ಕೆ ಹೂಂ ಅಂದಿದ್ದರು ಎಂದು ಸಾಬೀತಾದರೆ, ಆ ಮದುವೆ ಮುರಿಯಿತು ಅಂತಲ್ಲ, ಆಗಲೇ ಇಲ್ಲ ಅಂತ ತೀರ್ಪು. "ಹಾಗಾದರೆ ನಾನೂರು ಜನ ಉಂಡು ಹೋದದ್ದು ಯಾರ ಮದುವೇದು ಫಾದರ್?" ಅಂತ ಕೇಳಿದೆ. ಅವರು ನಿಲುವಂಗಿ ಹಾಕಿ ನೋಡುವುದಕ್ಕೆ ಒಳಗೆ ಹೋದರು.

ನಿನ್ನ ಚಿಕ್ಕಮ್ಮ ಈಗ ಬೇರೆ ಚರ್ಚು ತಾನೇ. "ನಮ್ಮ ಪಾಸ್ಟರು ಇಷ್ಟೆಲ್ಲ ಪರೀಕ್ಷೆ ಇಡಲ್ಲಕ್ಕಾ. ಗಂಡ ಹಾದರಕ್ಕೆ ಬಿದ್ದ ಅಂದ್ರೆ ಮುಗೀತು, ತಪ್ಪಿಲ್ಲದವಳಿಗೆ ಅವರೇ ನಿಂತು ಮದುವೆ ಮಾಡಿಸ್ತಾರೆ" ಅನ್ನುತ್ತಾಳೆ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ನಿನ್ನ ಗಂಡ ಹಾದರ ಮಾಡಲಿಲ್ಲ, ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗೆ ಇದ್ದಿರಿ. ಅದಕ್ಕೆ ಅವಳ ಚರ್ಚಿನಲ್ಲೂ ಮದ್ದಿಲ್ಲ, ನಮ್ಮದರಲ್ಲೂ ಇಲ್ಲ.

ನಾನು ಸುಮ್ಮನೆ ಅನುಮಾನಪಡುವವಳಲ್ಲ, ನಿನಗೆ ಗೊತ್ತು. ವಿಚಾರಿಸಿದೆ. ನಾನು ನೂಲು ತರುವ ಬಟ್ಟೆ ಅಂಗಡಿಯಲ್ಲಿ ಅವನು ಮೇ ತಿಂಗಳಲ್ಲಿ ಪರದೆ ಬಟ್ಟೆ ತೆಗೆದುಕೊಂಡಿದ್ದಾನೆ. ಒಂದು ಕೋಣೆಗಲ್ಲ, ಎರಡಕ್ಕೆ. ಅದರಲ್ಲೊಂದು ಹೂವಿನ ಚಿತ್ತಾರದ್ದು. ಒಂಟಿ ಗಂಡಸು ಹೂವಿನ ಪರದೆ ಯಾಕೆ ಹಾಕುತ್ತಾನೆ? ಯಾರನ್ನೋ ನೋಡಿಟ್ಟಿದ್ದಾನೆ, ಅವಳನ್ನು ಚರ್ಚಿನಲ್ಲೇ ಕಟ್ಟಿಕೊಳ್ಳಬೇಕು, ಅದಕ್ಕೆ ನಿನ್ನ ಮದುವೆ ಆಗಲೇ ಇಲ್ಲ ಅನ್ನಿಸಬೇಕು, ಅದಕ್ಕೆ ನನ್ನ ಸಹಿ ಬೇಕು. ನನ್ನ ಮಗಳ ಮೂರು ವರ್ಷದ ಸಂಸಾರವನ್ನು ಇಲ್ಲವೆನ್ನಲು ಅವನ್ಯಾರು? ನಿನಗಂತೂ ಮತ್ತೆ ಮದುವೆಯ ಯೋಚನೆಯಿಲ್ಲ, ಇದರಿಂದ ನಿನಗೆ ನಷ್ಟವೇನೂ ಇಲ್ಲ. ಆದ್ದರಿಂದ ಒಂಬತ್ತನೇ ಪ್ರಶ್ನೆಗೆ ಹೀಗೆ ಬರೆದಿದ್ದೇನೆ: "ಯಾರ ಒತ್ತಾಯವೂ ಇರಲಿಲ್ಲ. ಸಂತೋಷದಿಂದ ಒಪ್ಪಿದಳು. ಫೋಟೋದಲ್ಲಿ ನಗುತ್ತಿದ್ದಾಳೆ." ಅಂಚೆಯನ್ನು ನಂಬುವುದಿಲ್ಲ. ಶನಿವಾರ ನಾನೇ ಹೋಗಿ ಕೊಟ್ಟು ರಸೀದಿ ತೆಗೆದುಕೊಳ್ಳುತ್ತೇನೆ.

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಜೊತೆಯ ಹುಡುಗಿಯರಿಗೆಲ್ಲ ಕೇಳಿದೆ ಎಂದು ಹೇಳು. ದೇವರು ನಿನ್ನ ಕಣ್ಣನ್ನೂ ಕೆಲಸವನ್ನೂ ಕಾಯಲಿ.

ನಿನ್ನ
ಅಮ್ಮ

ಮತ್ತೊಂದು ಮಾತು. ಇವತ್ತು ಶನಿವಾರ, ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಲಕೋಟೆ ಕೊಡುವಾಗ ಅಲ್ಲಿನ ಸಿಸ್ಟರ್‌ಗೆ, "ತಗೊಳ್ಳಿ, ಅವನ ಅರ್ಜಿ ಇಲ್ಲಿಗೆ ಮುಗೀತು" ಅಂದೆ. ಅವರು ಫೈಲು ನೋಡಿ, "ಅರ್ಜಿ ಅವರದಲ್ಲಮ್ಮಾ, ನಿಮ್ಮ ಮಗಳದು. ಮೊದಲನೇ ಸಾಕ್ಷಿ ಅಂತ ನಿಮ್ಮ ಹೆಸರೇ ಕೊಟ್ಟಿದ್ದಾರೆ" ಅಂದರು. ನೀನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ಯಾಕೆಂದು ಗೊತ್ತಿದೆ. ಲಕೋಟೆ ವಾಪಸ್ಸು ಇಸಕೊಂಡು ಒಂಬತ್ತನೆಯದನ್ನು ಹೊಡೆದುಹಾಕಿದೆ. ಮದುವೆಯ ಹಿಂದಿನ ದಿನ ನೀನು ಸ್ಟೂಲಿನ ಮೇಲೆ ನಿಂತಿದ್ದೆ, ನಾನು ಗೌನಿನ ಅಂಚು ಮಡಿಸುತ್ತಿದ್ದೆ. "ಅಮ್ಮಾ, ನನಗಿದು ಬೇಡಮ್ಮಾ" ಅಂದೆ ನೀನು. ಬಾಯಲ್ಲಿದ್ದ ಪಿನ್ನುಗಳನ್ನು ಅಂಗೈಗೆ ತೆಗೆದುಕೊಂಡು ನಾನು ಹೇಳಿದ್ದು ಇಷ್ಟು: "ಮೂರು ಭಾನುವಾರ ನಿಮ್ಮ ಹೆಸರು ಓದಿ, ತಕರಾರು ಇದ್ದವರು ಹೇಳಿ ಅಂತ ಚರ್ಚಿನಲ್ಲಿ ಕೇಳಿದರಲ್ಲ, ಆಗ ನೀನೂ ಅಲ್ಲೇ ಕೂತಿದ್ದೆ. ಈಗ ಅಲ್ಲಾಡಬೇಡ." ನೀನು ಅಲ್ಲಾಡಲಿಲ್ಲ. ಇದನ್ನೇ ಒಂದಕ್ಷರ ಬಿಡದೆ ಬರೆದು ಸಹಿ ಮಾಡಿ ಕೊಟ್ಟಿದ್ದೇನೆ. ಮುಂದಿನ ತಿಂಗಳು ಹನ್ನೊಂದಕ್ಕೆ ಕರೆದಿದ್ದಾರೆ, ಬಾಯಲ್ಲೂ ಹೇಳುತ್ತೇನೆ. ನೀನು ಯಾರನ್ನಾದರೂ ಮದುವೆಯಾಗಬೇಕೆಂದಿದ್ದೀಯೋ, ಸುಮ್ಮನೆ ಬಿಡುಗಡೆ ಸಾಕೋ, ನನಗೆ ಗೊತ್ತಿಲ್ಲ. ಯಾರಾದರೂ ಇದ್ದರೆ, ಅವರು ನಿನಗೆ ಇಷ್ಟವೇ ಪುಟ್ಟೀ? ಅದೊಂದನ್ನು ಬರೆ.