‘ಔಟ್!’ ಎಂದವಳಿಗೆ ಸೊನ್ನೆ

ಬಡ್ತಿ ಪರೀಕ್ಷೆಯ ಇಂಗ್ಲಿಷ್ ಪ್ರಶ್ನೆಪತ್ರಿಕೆ ತಯಾರಿಸಿ, ಉತ್ತರ ತಿದ್ದುವ ಮಾನ್ಯರೇ,

ತಾವು ನನ್ನ ಹೆಂಡತಿಯನ್ನು ಒಂದೇ ಒಂದು ಅಂಕಕ್ಕೆ ಫೇಲು ಮಾಡಿದ್ದೀರಿ. ಆಕೆ ಅಗ್ನಿಶಾಮಕ ಠಾಣೆಯಲ್ಲಿ ನೀರಿನ ಪೈಪು ಹಿಡಿಯುವವಳು. ಪಾಸಾಗಿದ್ದರೆ ತಂಡದ ಮುಖ್ಯಸ್ಥೆಯಾಗುತ್ತಿದ್ದಳು. ನಾನು ದರ್ಜಿ. ಬಟ್ಟೆಗೆ ಬಟ್ಟೆ ಜೋಡಿಸುವುದು ನನ್ನ ಕಸುಬು, ವಾಕ್ಯಕ್ಕೆ ವಾಕ್ಯ ಜೋಡಿಸುವುದು ತಮ್ಮದು. ಆದರೆ ಮೈಗೆ ಸರಿಯಾಗಿ ಕೂತ ಅಂಗಿಗೆ ಮೂರನೇ ತೋಳು ಹೊಲಿಯುವ ಧೈರ್ಯ ನನಗಂತೂ ಇದುವರೆಗೆ ಬಂದಿಲ್ಲ.

ಸರಳ ವಾಕ್ಯವನ್ನು ಮಿಶ್ರ ವಾಕ್ಯ ಮಾಡುವ ತಮ್ಮ ವಿದ್ಯೆ ಪರೀಕ್ಷೆಯ ತಯಾರಿಯೆಂದು ನಮ್ಮ ಮನೆ ಹೊಕ್ಕಿತು ನೋಡಿ, ಅಲ್ಲಿಗೆ ಮುಗಿಯಿತು. ಮದುವೆಗೆ ಮೊದಲು “ನೀನು ನಂಗಿಷ್ಟ ಕಣೋ” ಎಂದು ನನ್ನನ್ನು ಕೆಡವಿದ ಹುಡುಗಿ, ಈಗ “ಯಾವ ಲೋಟದಲ್ಲಿ ಚಹಾ ಇದೆಯೋ ಆ ಲೋಟವನ್ನು ಯಾರು ಹತ್ತಿರ ಕೂತಿದ್ದಾರೋ ಅವರು ಕೊಡಲಿ” ಅನ್ನುತ್ತಾಳೆ. ಚಹಾ ತಣ್ಣಗಾಗುತ್ತದೆ, ಮಾನ್ಯರೇ! ಒಮ್ಮೆ ಗಿರಾಕಿಯ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಗೆ ಮರೆತು ಫೋನಿನಲ್ಲಿ ಹರಟುತ್ತಿದ್ದೆ. ಇವಳು ಬಾಗಿಲಲ್ಲಿ ನಿಂತು, “ಲೋ, ಯಾವ ಪ್ಯಾಂಟಿನ ಮೇಲೆ ನೀನು...” ಎಂದು ಶುರುಮಾಡಿದಳು. ಒಳಗಿಂದ ನಮ್ಮ ಅತ್ತೆ, “ಅಳಿಯಂದ್ರೇ, ಪ್ಯಾಂಟು ಸುಡ್ತಿದೆ!” ಎಂದು ಕಿರುಚದಿದ್ದರೆ ಆ ಗಿರಾಕಿ ಚಡ್ಡಿಯಲ್ಲೇ ಕಚೇರಿಗೆ ಹೋಗಬೇಕಿತ್ತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಇಷ್ಟೆಲ್ಲ ಓದಿಯೂ ಕೊನೆಯ ಪ್ರಶ್ನೆಯಲ್ಲಿ ಎಡವಿದಳು. “ಹೊಗೆ ಕಂಡೊಡನೆ ಹೊರಗೆ ಬನ್ನಿ” ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಮಿಶ್ರ ವಾಕ್ಯ ಮಾಡಬೇಕಿತ್ತಂತೆ. ಇವಳು ದಪ್ಪ ಅಕ್ಷರದಲ್ಲಿ “ಔಟ್!” ಎಂದಷ್ಟೇ ಬರೆದು ಬಂದಳು. ತಾವು ಸೊನ್ನೆ ಸುತ್ತಿದಿರಿ.

“ಯಾಕೇ ಹಾಗ್ ಬರೆದೆ?” ಅಂದೆ.

“ಹೊಗೆ ಅಂತ ಓದಿದ್ದೇ ತಡ, ಒಳಗೆ ಯಾರೋ ಸಿಕ್ಕಿಹಾಕ್ಕೊಂಡಿದಾರೆ ಅನ್ನಿಸ್ತು ಕಣೋ. ಕೈ ತಾನಾಗೇ ಬರೀತು,” ಅಂದಳು. ಯಾವಾಗಲೂ ನಗುವವಳ ಕಣ್ಣು ತುಂಬಿತ್ತು. ನನಗೋ ಹೆಮ್ಮೆಯಿಂದ ಅಂಗಿಯ ಗುಂಡಿ ಕಿತ್ತುಹೋಗುವುದೊಂದೇ ಬಾಕಿ.

ಆ ಒಂದು ಅಂಕ ಕೊಡಿ, ಮಾನ್ಯರೇ. ಕೊಡಲಾಗದಿದ್ದರೆ ಒಂದು ಉಪಕಾರ ಮಾಡಿ. ದೇವರು ಹಾಗೆ ಮಾಡದಿರಲಿ, ತಮ್ಮ ಕಚೇರಿಯಲ್ಲಿ ಹೊಗೆಯೆದ್ದು, ನನ್ನ ಹೆಂಡತಿ ಬಾಗಿಲಲ್ಲಿ ನಿಂತು “ಔಟ್!” ಎಂದು ಕೂಗಿದರೆ, ದಯವಿಟ್ಟು ಕದಲಬೇಡಿ. ಮಿಶ್ರ ವಾಕ್ಯ ಬರುವವರೆಗೆ ಕುರ್ಚಿಯಲ್ಲೇ ಕೂತಿರಿ. ಹೆದರಬೇಡಿ, ಅವಳು ಬಿಟ್ಟುಹೋಗುವವಳಲ್ಲ. ಕಾಲರ್ ಹಿಡಿದು ಎಳೆದುಕೊಂಡು ಬರುತ್ತಾಳೆ. ಹರಿದ ಕಾಲರನ್ನು ನಾನು ಪುಕ್ಕಟೆ ಹೊಲಿದುಕೊಡುತ್ತೇನೆ.

ಇಂತಿ,
ಯಾವ ಹೆಂಡತಿಯನ್ನು ತಾವು ಫೇಲು ಮಾಡಿದಿರೋ, ಆ ಹೆಂಡತಿಯಿಂದ ಮತ್ತೆ ಪಾಠ ಒಪ್ಪಿಸಿಕೊಳ್ಳಬೇಕಾಗಿರುವ ದರ್ಜಿ