ಮಳೆಯಾ, ಹಕ್ಕಿಯಾ

ಫೆಬ್ರವರಿ 11, ಬೆಳಿಗ್ಗೆ 6.20
ಹವಾಮಾನ ಕಚೇರಿಯಲ್ಲಿ ರಾಡಾರ್ ಡ್ಯೂಟಿ. ಕಾಫಿ ಆರಿಹೋಯಿತು. ಪಳ್ಳಿಕರಣೈ ಜೌಗಿನ ಮೇಲೆ ಅದೇ ಹಸಿರು ಉಂಗುರ — ಹಕ್ಕಿಗಳು ಒಟ್ಟಿಗೆ ಎದ್ದು ನಾಲ್ಕೂ ದಿಕ್ಕಿಗೆ ಹೋಗುವುದು ಸ್ಕ್ರೀನ್ ಮೇಲೆ ಹೀಗೆ ಕಾಣುತ್ತದೆ. 'ಮಳೆ ಅಲ್ಲ' ಎಂದು ಬರೆಯುವುದಷ್ಟೇ ನನ್ನ ಕೆಲಸ. ಆಗಲೇ ಅಪ್ಪನ ಫೋನ್.
"ವೀಕ್ಷಾ, ಮಳೆಯಾ ಹಕ್ಕಿಯಾ?"
ಹೋದ ವರ್ಷ ಮೊಬೈಲಿನಲ್ಲಿ ಈ ಉಂಗುರ ನೋಡಿ, ಮಳೆ ಬಂತೆಂದು ಮಾಂಬಲಂನ ನಮ್ಮ ಹೋಟೆಲಿನ ತಾರಸಿಯಿಂದ ಸಂಡಿಗೆಯನ್ನೆಲ್ಲ ಒಳಗೆ ತೆಗೆಸಿದ್ದರು. ಅಡುಗೆಮನೆಯೆಲ್ಲ ನಕ್ಕಿತ್ತು. ಅಂದಿನಿಂದ ದಿನಾ ಇದೇ ಪ್ರಶ್ನೆ. ಹಕ್ಕಿ ಎಂದೆ. ಹಾಗಾದರೆ ಸಂಡಿಗೆ ಹರಡುತ್ತೇನೆ ಎಂದರು.

ಫೆಬ್ರವರಿ 19
ಅಪ್ಪನಿಗೆ ಎದೆನೋವು. ಐಸಿಯು. ಉಂಗುರ ಬಂತು, ಫೋನ್ ಬರಲಿಲ್ಲ.

ಮಾರ್ಚ್ 1, ಸಂಜೆ
ಅಪ್ಪ ಹೋಗಿ ಹತ್ತನೇ ದಿನ. ತಮ್ಮ ಮಿಥುನ್ ಪಿಂಡ ಇಟ್ಟ. ಕಾಗೆ ಮುಟ್ಟಲಿಲ್ಲ. ವೈರ್ ಮೇಲೆ ಕುಳಿತು ನೋಡಿತು, ಹಾರಿಹೋಯಿತು. ಏನೋ ಆಸೆ ಉಳಿದಿದೆ, ಮಾತು ಕೊಡಿ ಎಂದರು ಭಟ್ಟರು. ಹೋಟೆಲ್ ಮುಚ್ಚುವುದಿಲ್ಲ ಎಂದ ಮಿಥುನ್. ಅಮ್ಮನನ್ನು ನೋಡಿಕೊಳ್ಳುತ್ತೇವೆ ಎಂದೆ ನಾನು. ಸುಡುಬಿಸಿಲು. ಬರಲಿಲ್ಲ... ಕೊನೆಗೆ ದರ್ಭೆಯಲ್ಲಿ ಕಾಗೆ ಮಾಡಿ, ಅದನ್ನೇ ಮುಟ್ಟಿಸಿ ಮುಗಿಸಿದರು.
ಅಮ್ಮ ಉಂಡಿಲ್ಲ. "ಎಂತ ಬೇಕಿತ್ತೋ ಅವರಿಗೆ, ಒಂದು ಮಾತು ಹೇಳ್ಲಿಲ್ಲ." ಮತ್ತೆ ಮತ್ತೆ ಅದನ್ನೇ.
ಹಾಳು ಕಾಗೆಗಳು. ಊರು ತುಂಬ ಇವೆ, ಒಂದಕ್ಕೆ ಬರಲು ಏನಾಗಿತ್ತು? ಸಿಟ್ಟು ಬರುತ್ತಿದೆ. ಅಳುವೂ.

ಮಾರ್ಚ್ 7, ಬೆಳಿಗ್ಗೆ 6.15
ಮತ್ತೆ ಡ್ಯೂಟಿ. ಉಂಗುರ ಎದ್ದಿತು. ಫೋನ್ — 'ಅಪ್ಪ' ಎಂದು ತೋರಿಸುತ್ತಿದೆ. ತೆಗೆದೆ.
ಅಮ್ಮ, ಅಪ್ಪನ ಮೊಬೈಲಿನಿಂದ. ಹೋಟೆಲಿನ ತಾರಸಿಯಲ್ಲಿ, ಕಾಗೆಗೆಂದು ಎಲೆಗೆ ಅನ್ನ ಹಾಕಿಕೊಂಡು ಕುಳಿತಿದ್ದಾಳೆ. ಹತ್ತನೇ ದಿನದಿಂದ ದಿನಾ ಇಡುತ್ತಿದ್ದಾಳಂತೆ. ನಮಗೆ ಹೇಳಿಯೇ ಇಲ್ಲ.
"ಮಳೆಯಾ, ಹಕ್ಕಿಯಾ?"
ಹಕ್ಕಿ ಎಂದೆ.
"ತುಂಬ ಉಂಟಾ?"
ತುಂಬ ಎಂದೆ.
"ಒಂದಾದ್ರೂ ಈ ಬದಿಗೆ ಬರ್ತಾ ಉಂಟಾ, ನೋಡು ಮಗಾ."
ಕೊಕ್ಕರೆಯೋ, ಬಾತೋ, ಕಾಗೆಯೋ — ರಾಡಾರ್‌ಗೆ ಅದೆಲ್ಲ ಗೊತ್ತಾಗುವುದಿಲ್ಲ. ಬರ್ತಾ ಉಂಟು ಎಂದೆ. ಫೋನ್ ಇಡಬೇಡ ಎಂದಳು.
ಇಟ್ಟಿಲ್ಲ. ಆ ಕಡೆ ಲೋಕಲ್ ರೈಲಿನ ಸದ್ದು, ಅಮ್ಮನ ಉಸಿರು. 'ಮಳೆ ಅಲ್ಲ' ಎಂದು ಇನ್ನೂ ಬರೆದಿಲ್ಲ. ಉಂಗುರ ದೊಡ್ಡದಾಗುತ್ತಿದೆ. ಅದರ ಅಂಚು ಈಗ ಮಾಂಬಲಂ ಹತ್ತಿರ ಬಂದಿದೆ.